ಎಣ್ಣಿ

ನಮ್ಮ ಕಡೆ ಎರಡಕ್ಕೂ ಒಂದೇ ಮಾತು.
ಸಾರಾಯಿ ಕುಡಿದು ಬಂದವನೂ ಎಣ್ಣಿ ಹೊಡೆದವನೇ,
ಮೆಣಸಿನ ಗಿಡಕ್ಕೆ ಪಂಪು ಹೊತ್ತವನೂ ಎಣ್ಣಿ ಹೊಡೆದವನೇ.

ಮಾಲತೇಶನನ್ನು ಟಂಟಂ ಗಾಡಿಯಿಂದ ಇಳಿಸಿದ ಸಂಜೆ
ಇಳಿಸಿದವರು ನಗುತ್ತಿದ್ದರು.
‘ಎಣ್ಣಿ ಹೊಡದಾನ್ರೀ ಸಿಸ್ಟರ, ಒಂದ್ ಬಾಟ್ಲಿ ಸಲಾಯಿನ್ ಏರಸ್ರಿ,
ಮುಂಜಾನಿ ಅನ್ನೂದ್ರಾಗ ಇಳೀತೈತಿ.’
ನಾನೂ ನಕ್ಕೆ.
ಬರೆಯಲೇಬೇಕು ಇದನ್ನು, ಗುತ್ತಲದ ದವಾಖಾನೆಯಲ್ಲಿ
ಆರು ವರ್ಷದ ನರ್ಸು, ನಾನೂ ನಕ್ಕೆ.

ಆಮೇಲೆ ಬಗ್ಗಿದೆ. ಬಾಯಲ್ಲಿ ಸಾರಾಯಿಯ ಸುಳಿವಿಲ್ಲ,
ಹಸಿ ಬೆಳ್ಳುಳ್ಳಿ ಜಜ್ಜಿದಂಥದ್ದು ಏನೋ.
ತಣ್ಣನೆ ಗಾಳಿಯಲ್ಲಿ ಅಂಗಿ ತೊಯ್ದು ತೊಪ್ಪೆ,
ಅಳದವನ ಕಣ್ಣಲ್ಲಿ ಧಾರೆ,
ತೊಡೆಯ ತೊಗಲ ಕೆಳಗೆ ಇರುವೆಯ ಸಾಲು ಹೊರಟಂತೆ
ಮಾಂಸ ತಾನೇ ಅದುರುತ್ತಿತ್ತು.

ಟಾರ್ಚು ಹಿಡಿದೆ.
ಕಣ್ಣ ನಡುವಿನ ಕಪ್ಪಿಗೆ ನಮ್ಮವ್ವ ಗೊಂಬಿ ಅನ್ನುತ್ತಿದ್ದಳು.
ಸಣ್ಣವಳಿದ್ದಾಗ ಅವಳ ಮುಖಕ್ಕೆ ಮುಖ ಹಚ್ಚಿ
ಅದರೊಳಗೆ ನನ್ನನ್ನೇ ಹುಡುಕುತ್ತಿದ್ದೆ,
ಎರಡು ಜಡೆ, ಒಂದು ಮೂಗು.
ಇವನ ಗೊಂಬಿ ಸಾಸಿವೆ ಕಾಳಿಗಿಂತ ಸಣ್ಣ.
ಹೊರಗೆ ಕತ್ತಲಾಗಿತ್ತು. ಕತ್ತಲಿಗೆ ಅದು ಅರಳಬೇಕು.

ಬದುಕಿದ. ಐದನೆಯ ದಿನ ಕಳಿಸುವಾಗ ಹೇಳಿದೆ:
ಗಾಳಿಗೆ ಎದುರಾಗಿ ಹೊಡೀಬ್ಯಾಡ, ಮೂಗಿಗೆ ಅರಿವಿ ಕಟ್ಟು,
ಎಣ್ಣಿ ಕೈಯಾಗ ಬೀಡಿ ಮುಟ್ಟಬ್ಯಾಡ.
ಹೊಲದ ಮಾತೆಲ್ಲ ಹೇಳಿದೆ. ಮನೆಯ ಮಾತು ಕೇಳಲಿಲ್ಲ.

ಇಪ್ಪತ್ತು ದಿನಕ್ಕೆ ಅವನ ಹೆಂಡತಿ ಹಾಲವ್ವ,
ಸೆರಗಿನಲ್ಲಿ ಒಂಬತ್ತು ತಿಂಗಳ ಕೂಸು.
‘ಜೊಲ್ಲು ಸುರೀತಿತ್ರೀ, ಹಲ್ಲು ಬರಾಕತ್ತಾವ ಅಂದ್ವಿ.
ಭೇದಿ ಆತು, ಹಲ್ಲಿಂದ ಅಂದ್ವಿ.
ಮಬ್ಬಾತು. ಅತ್ತಿ ದಿಟ್ಟಿ ಅಂದ್ರು,
ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿದ್ರು.
ಘಾಟು ಬರಲಿಲ್ಲ, ದಿಟ್ಟಿ ಖರೇನ ಅಂದ್ರು.’
ಅದೇ ಹೊಲದ ಕಾಯಿ.

ಕೂಸಿನ ಕಣ್ಣಲ್ಲೂ ಸಾಸಿವೆ.

ಏನು ತಿಂತು? ಏನು ನೆಕ್ಕಿತು? ಡಬ್ಬಿ ಮುಟ್ಟಿತೇನು?
‘ಇಲ್ರೀ, ಡಬ್ಬಿ ದನದ ಹಕ್ಕಿ ಮ್ಯಾಲ ಇರ್ತೈತಿ.
ಮೊಲಿಹಾಲು ಬಿಟ್ರ ಏನೂ ಇಲ್ರೀ.’
ತೊಟ್ಟಿಲಿಗೆ ಏನು ಹಾಸೀದಿ?
ಹಾಲವ್ವ ಆ ಗಾಬರಿಯಲ್ಲೂ ತುಸು ನಾಚಿದಳು.
‘ಅವರ ಅಂಗೀರೀ.
ಅಪ್ಪನ ವಾಸನಿ ಇದ್ರ ಲಗೂನ ಮಲಗತಾಳ.’

ಡಾಕ್ಟರು ಸೂಜಿ ತುಂಬಿದರು, ನಾನು ಸಾಬೂನು ಹಿಡಿದೆ.
ಕತ್ತಿನ ಮಡಿಕೆ, ಕಿವಿಯ ಹಿಂದೆ, ತೊಡೆಸಂದಿ,
ಮುಷ್ಟಿ ಬಿಡಿಸಿ ಒಂದೊಂದೇ ಬೆರಳು.
ಅಟ್ರೋಪಿನ್, ಗಡಿಯಾರ, ಮತ್ತೆ ಅಟ್ರೋಪಿನ್,
ಎದೆಯ ಗರಗರ ಆರುವ ತನಕ,
ಆಮೇಲೆ ಹುಬ್ಬಳ್ಳಿಯ ದಾರಿ.

ಪೊಲೀಸರಿಗೆ ಕಳಿಸುವ ಹಾಳೆ.
ಹವಾಲ್ದಾರ ಕೇಳಿದ್ದು ಎರಡೇ: ಕುಡಿದದ್ದೋ, ಕುಡಿಸಿದ್ದೋ?
ಅತ್ತೆ ಸೊಸೆಯ ಕಡೆ ನೋಡಿದಳು. ಅವನೂ ನೋಡಿದ.
ನಾನು ಅಂಚಿನಲ್ಲಿ ಬರೆದೆ: ಹಾಸಿದ್ದು.
‘ಇದೇನ ಶಬ್ದರೀ ಸಿಸ್ಟರ?’

ದೀಪಾವಳಿ ಕಳೆದ ಮೇಲೆ ಮಾಲತೇಶ ಬಂದ.
ಬಗಲಲ್ಲಿ ಮಗಳು, ಕೈಯಲ್ಲಿ ಗೊಬ್ಬರದ ಚೀಲ,
ಚೀಲದೊಳಗೆ ಗಂಟು ಕಟ್ಟಿದ ಅಂಗಿ.
ಮಗಳು ನನ್ನ ಟೋಪಿಗೆ ಕೈ ಚಾಚಿದಳು.
ಅವಳ ಗೊಂಬಿ ಈಗ ಕರ್ರಗೆ, ದುಂಡಗೆ, ನನ್ನನ್ನು ಹಿಡಿಯುವಷ್ಟು.

‘ಬ್ಯಾರೆ ಒಗೀರಿ ಅಂದ್ರಿ, ಬ್ಯಾರೆ ಇಡ್ರಿ ಅಂದ್ರಿ.
ಒಗಿಯೂದು ಹೆಂಗಾರ ಆಗ್ತೈತಿ, ನಾನ ಒಗೀತೀನಿ.
ಮನಿ ಒಂದ ಖೋಲಿ, ಗ್ವಾಡಿಗೆ ಒಂದ ಗೂಟ.
ತೊಟ್ಟಿಲದ ಹಗ್ಗಾನೂ ಅದಕ್ಕ ಕಟ್ಟೇವ್ರಿ.
ಎಲ್ಲಿ ತೂಗ ಹಾಕಲಿ ಇದನ್ನ?’